ದಾಸೋಹದ ಊರಿನಲ್ಲಿ ವಸತಿರಹಿತರ ಜೊತೆ: ನನ್ನ ಅನುಭವ

ಶರಣಬಸವೇಶ್ವರರ ದಾಸೋಹ ಪರಂಪರೆಯ ಕಲಬುರಗಿಯಲ್ಲಿ ಹಸಿದವರಿಗೆ ಊಟ ಕೊಡುವವರಿಗೆ ಕೊರತೆಯಿಲ್ಲ. ಆದ್ದರಿಂದ ನಮ್ಮ ಸಣ್ಣ ಸೇವಾ ಸಂಸ್ಥೆ ಅನ್ನದಾನವನ್ನು ಇತರರಿಗೆ ಬಿಟ್ಟು, ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣಗಳ ಸುತ್ತ ಮಲಗುವವರಿಗೆ ಆಸ್ಪತ್ರೆಯಲ್ಲೂ ಕಚೇರಿಗಳಲ್ಲೂ ಜೊತೆಯಾಗುವ ಕೆಲಸವನ್ನು ಆರಿಸಿಕೊಂಡಿತು.

ಒಳರೋಗಿಯಾಗಿ ದಾಖಲಾದವರಿಗೆ ಔಷಧ ತರಲು, ಶೌಚಕ್ಕೆ ಕರೆದೊಯ್ಯಲು ಹತ್ತಿರದವರೊಬ್ಬರು ಬೇಕು. ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾಗಿದ್ದ ಮುತ್ಯಾ ಒಬ್ಬರು, ‘ನನ್ನ ಹಂತ್ಯಾಕ ಯಾರ ಇರ್ತಾರ್ರಿ?’ ಎಂದು ದಾಖಲಾಗಲು ಒಪ್ಪಿರಲಿಲ್ಲ. ನಮ್ಮ ಸ್ವಯಂಸೇವಕರು ಪಾಳಿಯ ಮೇಲೆ ರಾತ್ರಿ ಕಾಯುತ್ತಾರೆಂದು ತಿಳಿದ ಮೇಲಷ್ಟೇ ಹೊರಟರು. ಬಿಡುಗಡೆಯ ನಂತರ ಅವರನ್ನು ಮತ್ತೆ ಫುಟ್‌ಪಾತಿಗೆ ಕಳಿಸಿದರೆ ಹುಣ್ಣು ಮಾಯುವುದಿಲ್ಲ. 2024ರವರೆಗೆ ನಡೆದ ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯು ಪ್ರತಿ ಒಂದು ಲಕ್ಷ ನಗರ ಜನಸಂಖ್ಯೆಗೆ 100 ಮಂದಿಗೆ ಸಾಲುವ, ವರ್ಷವಿಡೀ 24 ಗಂಟೆಯೂ ತೆರೆದಿರುವ ಆಶ್ರಯ ಕೇಂದ್ರವಿರಬೇಕೆಂದು ಹೇಳಿತ್ತು. ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ಮೀರುವ ನಮ್ಮ ಬಿಸಿಲಿನಲ್ಲಿ ಹಗಲಿನ ನೆರಳು ರಾತ್ರಿಯ ಹಾಸಿಗೆಯಷ್ಟೇ ಅಗತ್ಯ ಎಂಬುದನ್ನು ಕಂಬಳಿ ಹಂಚುವ ದಾನಿಗಳಿಗೂ ಹೇಳುತ್ತಿರುತ್ತೇನೆ.

ಮಾನಸಿಕ ಅಸ್ವಸ್ಥರಾಗಿ ಅಲೆಯುವವರ ವಿಷಯದಲ್ಲಿ ನಾವು ಮೊದಲು ಪೊಲೀಸ್ ಠಾಣೆಗೆ ತಿಳಿಸುತ್ತೇವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮಿನ ಪ್ರಕಾರ ಅವರನ್ನು ರಕ್ಷಣೆಗೆ ಪಡೆದು, 24 ಗಂಟೆಗಳೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸುವುದು ಠಾಣಾಧಿಕಾರಿಯ ಹೊಣೆ, ಲಾಕಪ್ಪಿನಲ್ಲಿ ಇಡುವಂತಿಲ್ಲ. ಕಲಮಿನ ಪ್ರತಿಯನ್ನು ಜೊತೆಗೆ ಒಯ್ದರೆ ಮಾತು ಸುಲಭವಾಗುತ್ತದೆ.

ಆಧಾರ್ ಚೀಟಿ ಕಳೆದುಕೊಂಡವರಿಗೆ ಹೊಸ ನೋಂದಣಿ ಮಾಡಿಸುವುದು ವ್ಯರ್ಥ, ಏಕೆಂದರೆ ಬೆರಳಚ್ಚು ಈಗಾಗಲೇ ದಾಖಲಾಗಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಹಳೆಯ ಸಂಖ್ಯೆಯನ್ನೇ ಹುಡುಕಿಸಬೇಕು. ಅದು ಸಿಕ್ಕರೆ ಬ್ಯಾಂಕ್ ಖಾತೆಗೂ ವೃದ್ಧರ ಪಿಂಚಣಿಗೂ ದಾರಿಯಾಗುತ್ತದೆ, ಕೆಲವೊಮ್ಮೆ ಊರಿನ ಹೆಸರೂ ತಿಳಿಯುತ್ತದೆ.

ಊರು ತಿಳಿದೊಡನೆ ಮನೆಯವರಿಗೆ ಫೋನ್ ಮಾಡುವ ಆತುರ ಸಲ್ಲದು. ಮಕ್ಕಳೇ ಹೊರಹಾಕಿದ ಹಿರಿಯರಿರುತ್ತಾರೆ. ಹೊಡೆತ ತಾಳಲಾರದೆ ಬಂದ ಹೆಣ್ಣುಮಕ್ಕಳಿರುತ್ತಾರೆ. ಅವರು ಒಪ್ಪಿದರೆ ಮಾತ್ರ ನಾವು ಸಂಪರ್ಕಿಸುತ್ತೇವೆ. ಹೋಗಲು ಒಲ್ಲದ ಹಿರಿಯರಿಗೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯಲ್ಲಿ ಮಕ್ಕಳಿಂದ ಜೀವನಾಂಶ ಕೇಳುವ ಹಕ್ಕಿದೆ ಎಂದು ತಿಳಿಸಿ, ಅರ್ಜಿ ಬರೆದುಕೊಟ್ಟು, ವಿಚಾರಣೆಯ ದಿನ ಅವರ ಪಕ್ಕದಲ್ಲಿ ಕುಳಿತಿರುತ್ತೇವೆ.