ಬ್ರಿಟನ್ನಿಗೆ ಹೊಸದಾಗಿ ಬಂದ ಗರ್ಭಿಣಿಯರಿಗೆ: ಲಸಿಕೆಯ ವಿಚಾರ

ಊರಿನಲ್ಲಿ ಟಿಟಿ ಚುಚ್ಚುಮದ್ದು ಹಾಕಿಸಿಕೊಂಡರೆ ಲಸಿಕೆಯ ಕೆಲಸ ಮುಗಿಯಿತೆಂದು ನಂಬಿ ಬಂದವರಿಗೆ, ಇಲ್ಲಿನ ಮಿಡ್‌ವೈಫ್ (ಬಸಿರು, ಹೆರಿಗೆ ನೋಡಿಕೊಳ್ಳುವ ದಾದಿ) ಇನ್ನೂ ಎರಡು ಮೂರು ಹೆಸರು ಹೇಳಿದಾಗ ಗಾಬರಿಯಾಗುವುದು ಸಹಜ. ಆಗ ಏಳುವ ಪ್ರಶ್ನೆಯೂ ಸಾಮಾನ್ಯವಾಗಿ ಒಂದೇ: ‘ಆ ಕಾಯಿಲೆ ನನಗೆ ಬಂದು ಹೋಗಿದೆಯಲ್ಲ, ಮತ್ತೇಕೆ?’

ನಾಯಿಕೆಮ್ಮನ್ನೇ ತೆಗೆದುಕೊಳ್ಳಿ. ಈ ಲಸಿಕೆ ಮುಖ್ಯವಾಗಿ ನಿಮಗಲ್ಲ, ಹೊಟ್ಟೆಯೊಳಗಿನ ಕೂಸಿಗೆ. ಚುಚ್ಚಿಸಿಕೊಂಡ ಮೇಲೆ ನಿಮ್ಮ ರಕ್ತದಲ್ಲಿ ಹೆಚ್ಚುವ ಪ್ರತಿಕಾಯಗಳು ಮಾಸಿನ ಮೂಲಕ ಮಗುವಿಗೆ ಇಳಿಯುತ್ತವೆ. ಹುಟ್ಟಿದ ಎಂಟನೇ ವಾರಕ್ಕೆ ಮಗುವಿನ ಸ್ವಂತ ಲಸಿಕೆ ಶುರುವಾಗುವವರೆಗೆ ಅದೇ ಆಸರೆ. ಹಳೆಯ ಕಾಯಿಲೆಯದಾಗಲಿ ಹಿಂದಿನ ಬಸಿರಿನ ಲಸಿಕೆಯದಾಗಲಿ ಪ್ರತಿಕಾಯಗಳು ಈ ಬಸಿರಿನ ಹೊತ್ತಿಗೆ ಕಡಿಮೆಯಾಗಿರುತ್ತವೆ. ಹಾಗಾಗಿ ಪ್ರತಿ ಬಸಿರಿನಲ್ಲೂ 16ನೇ ವಾರದ ನಂತರ ಹಾಕಿಸಿಕೊಳ್ಳಬೇಕು. 20ನೇ ವಾರದ ಸ್ಕ್ಯಾನಿನ ಹೊತ್ತಿಗೆ ಕೇಳಿ ಪಡೆಯಿರಿ. ಇದರಲ್ಲಿ ಧನುರ್ವಾಯುವಿನ ಅಂಶವೂ ಇರುವುದರಿಂದ ಊರಿನಲ್ಲಿ ಟಿಟಿ ಆಗಿದ್ದರೆ ತಾಯಿ ಕಾರ್ಡನ್ನು ತೋರಿಸಿ. ಕನ್ನಡದಲ್ಲಿ ಬರೆದಿದ್ದರೂ ದಿನಾಂಕ ಓದಬಹುದು.

ಎಳೆಗೂಸುಗಳ ಶ್ವಾಸಕೋಶಕ್ಕೆ ತಗಲುವ ಆರ್‌ಎಸ್‌ವಿ ಎಂಬ ವೈರಸ್ಸಿನ ಲಸಿಕೆ 2024ರಿಂದ ಇದೆ, 28ನೇ ವಾರದಿಂದ ಕೊಡುತ್ತಾರೆ. ಏಳನೇ ತಿಂಗಳ ಸೀಮಂತದ ಹೊತ್ತು ಎಂದು ನೆನಪಿಟ್ಟುಕೊಳ್ಳಿ. ಬಳೆ ತೊಡಿಸಿಕೊಳ್ಳುವ ತೋಳಿಗೇ ಇದೂ ಒಂದು. ಫ್ಲೂ ಲಸಿಕೆ ಸೆಪ್ಟೆಂಬರಿನಿಂದ ಚಳಿಗಾಲದವರೆಗೆ, ಬಸಿರಿನ ಯಾವ ತಿಂಗಳಾದರೂ ಸರಿ. ಯಾವುದಕ್ಕೂ ದುಡ್ಡಿಲ್ಲ. ಸಣ್ಣ ನೆಗಡಿಯಿದ್ದರೆ ಮುಂದೂಡಬೇಕಿಲ್ಲ, ಜ್ವರವಿದ್ದರೆ ಮಾತ್ರ ತಿಳಿಸಿ.

ಹಳೆಯ ಕಾಯಿಲೆ ನಿಜಕ್ಕೂ ಲೆಕ್ಕಕ್ಕೆ ಬರುವುದು ಸೀತಾಳೆ ಸಿಡುಬಿನಲ್ಲಿ. ಚಿಕ್ಕಂದಿನಲ್ಲಿ ಆಗಿದ್ದವರಿಗೆ ಸಾಮಾನ್ಯವಾಗಿ ಮತ್ತೆ ಬಾರದು. ಆಗಿರದವರು ಸಿಡುಬೆದ್ದ ಮಗುವಿನೊಡನೆ ಒಂದೇ ಕೋಣೆಯಲ್ಲಿ ಇದ್ದದ್ದು ಗೊತ್ತಾದರೆ ಅಂದೇ ಮಿಡ್‌ವೈಫ್‌ಗೆ ಫೋನ್ ಮಾಡಬೇಕು. ನೇರವಾಗಿ ಆಸ್ಪತ್ರೆಗೆ ಹೋಗಿ ಬೇರೆ ಗರ್ಭಿಣಿಯರ ನಡುವೆ ಕೂರಬೇಡಿ. ರಕ್ತ ಪರೀಕ್ಷಿಸಿ, ಬೇಕಾದರೆ ಮಾತ್ರೆ ಕೊಡುತ್ತಾರೆ. ಅಂದ ಹಾಗೆ, ‘ಅಮ್ಮ ಬಂದಿತ್ತು’ ಎಂದು ಪದಕ್ಕೆ ಪದ ಹೇಳಿದರೆ ನಿಮ್ಮ ತಾಯಿ ಬಾಣಂತನಕ್ಕೆ ಬಂದಿಳಿದರೆಂದೇ ಅವರು ತಿಳಿದಾರು. ಚಿಕನ್‌ಪಾಕ್ಸ್ ಎಂದೇ ಹೇಳಿ.

ಸೀತಾಳೆ ಸಿಡುಬಿನ ಲಸಿಕೆ, ದಡಾರ-ರುಬೆಲ್ಲಾಗಳ ಎಂಎಂಆರ್, ಇವೆರಡರಲ್ಲೂ ಜೀವಂತ ವೈರಸ್ ಇರುವುದರಿಂದ ಗರ್ಭಿಣಿಯರಿಗೆ ಕೊಡುವುದಿಲ್ಲ. ಎಂಎಂಆರ್ ಬಾಕಿಯಿದ್ದರೆ ಹೆರಿಗೆಯಾದ ಮೇಲೆ ಜಿಪಿಯನ್ನು (ನಿಮ್ಮ ಬಡಾವಣೆಯ ವೈದ್ಯರನ್ನು) ಕೇಳಿ. ಹಾಲೂಡಿಸುತ್ತಲೇ ಹಾಕಿಸಿಕೊಳ್ಳಬಹುದು, ನಂತರ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಂಡರಾಯಿತು. ಮಾತು ಅರ್ಥವಾಗದಿದ್ದರೆ, ಸಮಯ ಗೊತ್ತುಮಾಡುವಾಗಲೇ ಕನ್ನಡ ದುಭಾಷಿ ಬೇಕೆಂದು ಹೇಳಿಬಿಡಿ. ಅದೂ ಉಚಿತ.