ಚೊಂಬು ಹಿಡ್ಕೊಂಡು ಹೋಗೋದು ನಿಲ್ಬೇಕಾ? ಆಫ್ರಿಕಾ ಹಳ್ಳಿಗಳ ಥರ ಮಾಡಿ ನೋಡಿ

ಶಿರಾ, ಪಾವಗಡ, ಮಧುಗಿರಿ ಕಡೆ ಹಳ್ಳಿಗಳಲ್ಲಿ ಒಂದು ರೌಂಡ್ ಹಾಕಿ. ಸ್ವಚ್ಛ ಭಾರತ್‌ನಲ್ಲಿ 12,000 ರೂಪಾಯಿ ತಗೊಂಡು ಕಟ್ಟಿಸಿದ ಶೌಚಾಲಯದೊಳಗೆ ಎಷ್ಟೋ ಕಡೆ ಸೌದೆ, ಬೆರಣಿ ತುಂಬಿರುತ್ತೆ, ಯಜಮಾನ್ರು ಮಾತ್ರ ಬೆಳಿಗ್ಗೆ ಕೆರೆ ಅಂಗಳದ ಜಾಲಿ ಗಿಡದ ಕಡೆಗೇ. ಕಟ್ಟಿಸಿಬಿಟ್ರೆ ಬಳಸ್ತಾರೆ ಅನ್ನೋ ಲೆಕ್ಕಾಚಾರವನ್ನ ತಲೆಕೆಳಗು ಮಾಡಿದ್ದು ನಮ್ಮ ದೇಶದವರೇ ಆದ ಕಮಲ್ ಕರ್, 2000ದ ಸುಮಾರಿಗೆ ಬಾಂಗ್ಲಾದೇಶದಲ್ಲಿ. ಬಯಲಿಗೆ ಹೋಗೋದ್ರಿಂದ ಏನಾಗುತ್ತೆ ಅಂತ ಊರಿನವ್ರಿಗೇ ಹೊಳೆಯೋ ಹಾಗೆ ಮಾಡೋ ಅವ್ರ ವಿಧಾನ ಅಲ್ಲಿಂದ ಇಥಿಯೋಪಿಯಾ, ಕೀನ್ಯಾ, ಜಾಂಬಿಯಾ, ಘಾನಾ ಅಂತ ಹಬ್ಬಿ, ಊರಿನವ್ರೇ ಕೂತು ತೀರ್ಮಾನ ಮಾಡಿ ಸ್ವಂತ ಗುಂಡಿ ತೋಡ್ಕೊಂಡ್ರು.

ನೀವು ಮಾಡೋದಾದ್ರೆ ಭಾಷಣ ಮಾತ್ರ ಬೇಡ. ಅರಳಿಕಟ್ಟೆ ಮುಂದೆ ಜನ ಸೇರಿಸಿ, ರಂಗೋಲಿ ಪುಡಿ ಕೊಟ್ಟು ಅವ್ರ ಕೈಲೇ ಊರಿನ ನಕ್ಷೆ ಬರೆಸಿ, ಯಾರ್ಯಾರು ಹೊರಕಡೆಗೆ ಎಲ್ಲಿಗೆ ಹೋಗ್ತಾರೋ ಅಲ್ಲಿ ಒಂದೊಂದು ಚಿಟಿಕೆ ಅರಿಶಿನ ಹಾಕ್ಸಿ. ಮೊದ್ಲು ಎಲ್ಲಾ ನಗ್ತಾರೆ, ನಗ್ಲಿ ಬಿಡಿ. ಅರಿಶಿನ ಬೋರ್‌ವೆಲ್ ಪಕ್ಕಕ್ಕೆ ಬಂದಾಗ ನಗು ತಾನಾಗೇ ಕಮ್ಮಿಯಾಗುತ್ತೆ. ಆಮೇಲೆ ಎಲ್ರನ್ನೂ ಆ ಜಾಗಕ್ಕೇ ಕರ್ಕೊಂಡು ಹೋಗಿ, ಮೂಗು ಮುಚ್ಕೊಂಡು ಓಡೋಕೆ ಬಿಡ್ಬೇಡಿ, ಅಲ್ಲೇ ನಿಂತು ಮಾತಾಡಿ.

ಆಫ್ರಿಕಾದಲ್ಲೂ ಮಾಡೋ ಒಂದು ಆಟ ಇದೆ. ಒಂದು ಲೋಟ ಒಳ್ಳೆ ನೀರು ಕೊಟ್ಟು ಕುಡೀತೀರಾ ಅಂತ ಕೇಳಿ, ಕುಡೀತಾರೆ. ತಲೆಯಿಂದ ಒಂದು ಕೂದಲು ಕಿತ್ತು, ಅಲ್ಲಿ ಕೆಳಗೆ ಬಿದ್ದಿರೋ ಮಲಕ್ಕೆ ತಾಗಿಸಿ, ಅದೇ ಲೋಟದಲ್ಲಿ ಅದ್ದಿ ಮತ್ತೆ ಕೇಳಿ. ಯಾರೂ ಮುಟ್ಟಲ್ಲ. ನೊಣಕ್ಕೆ ಎಷ್ಟು ಕಾಲು ಅಂತ ಕೇಳಿ, ಆರು ಅಂತ ಮಕ್ಕಳೇ ಕೂಗ್ತಾರೆ, ಆ ನೊಣ ಇಲ್ಲಿಂದ ಎದ್ದು ನೇರ ಯಾರ ಮುದ್ದೆ ಮೇಲೆ ಕೂರುತ್ತೆ ಅನ್ನೋದು ಉಳಿದವ್ರಿಗೆ ಹೊಳೆಯುತ್ತೆ. ಅಲ್ಲಿಗೆ ನೀವು ಸುಮ್ನಾಗಿ. ಮುಂದೇನು ಅನ್ನೋದು ಊರಿನವ್ರ ಬಾಯಿಂದ ಬರ್ಬೇಕು, ತಾರೀಖೂ ಅವ್ರೇ ಇಡ್ಬೇಕು.

ಒಬ್ಬರ ಹೆಸರು ಹಿಡಿದು ಮರ್ಯಾದೆ ತೆಗೆಯೋದು, ಶಿಳ್ಳೆ ಹೊಡೆದು ಓಡಿಸೋದು ಬೇಡವೇ ಬೇಡ. ಕೆಲವು ಕಡೆ ಹಂಗೆ ಮಾಡಿ ಪೆಟ್ಟು ತಿಂದಿದ್ದು ಬಡವರೇ. ಊರಿನ ಹಿರೀಕರು ಮುಂದೆ ನಿಂತ್ರೆ ಸಾಕು, ಜಾಂಬಿಯಾದ ಚೋಮಾದಲ್ಲಿ ಅಲ್ಲಿನ ಸಾಂಪ್ರದಾಯಿಕ ಮುಖಂಡ ಚೀಫ್ ಮಾಚಾ ಅನ್ನೋರು ನಿಂತಿದ್ದಕ್ಕೇ ಕೆಲಸ ಬೇಗ ಆಯ್ತು.

ಹೆಂಗಸ್ರ ಗುಂಪಿಗೆ ಜಿಂಬಾಬ್ವೆ ದಾರಿ ಸರಿ. 1995ರಿಂದ ಅಲ್ಲಿ ಹೆಲ್ತ್ ಕ್ಲಬ್ ಅಂತ ವಾರಕ್ಕೊಂದು ವಿಷಯ ಕಲಿತು ಕಾರ್ಡಿಗೆ ಸಹಿ ಹಾಕಿಸ್ಕೋತಾರೆ. ನಮ್ಮ ಸ್ತ್ರೀಶಕ್ತಿ ಸಂಘ ಹೆಂಗೂ ವಾರವಾರ ಸೇರುತ್ತಲ್ಲ.

ಕೈ ತೊಳೆಯೋದಕ್ಕೂ ಜಿಂಬಾಬ್ವೆಯಿಂದಲೇ ಬಂದ ಟಿಪ್ಪಿ ಟ್ಯಾಪ್ ಇದೆ. ಐದು ಲೀಟರ್ ಕ್ಯಾನಿನ ಮೇಲ್ಭಾಗದಲ್ಲಿ ಕಾಯಿಸಿದ ಮೊಳೆಯಿಂದ ತೂತು ಮಾಡಿ ಎರಡು ಕವೆ ಕೋಲಿನ ಮಧ್ಯೆ ನೇತುಹಾಕಿ, ಕುತ್ತಿಗೆಯಿಂದ ಹಗ್ಗ ಇಳಿಸಿ ಕೆಳಗಿನ ಕಡ್ಡಿಗೆ ಕಟ್ಟಿ, ಕಾಲಲ್ಲಿ ಒತ್ತಿದ್ರೆ ಕ್ಯಾನ್ ಬಾಗಿ ಸಣ್ಣಗೆ ನೀರು ಬೀಳುತ್ತೆ. ಸೋಪಿಗೂ ತೂತು ಕೊರೆದು ದಾರ ಕಟ್ಟಿ, ಇಲ್ಲಾಂದ್ರೆ ಕಾಗೆ ಎತ್ಕೊಂಡು ಹೋಗುತ್ತೆ. ಇದನ್ನ ಬಿಡ್ಬೇಡಿ, ಯಾಕಂದ್ರೆ 2015ರಲ್ಲಿ ಬಂದ ಮಾಲಿ ದೇಶದ ಅಧ್ಯಯನದಲ್ಲಿ ಶೌಚಾಲಯ ಜಾಸ್ತಿಯಾಗಿ ಮಕ್ಕಳ ಎತ್ತರ ಸುಧಾರಿಸಿದ್ರೂ ಭೇದಿ ಕಮ್ಮಿಯಾಗಿರ್ಲಿಲ್ಲ.

ನೀರೇ ಇಲ್ಲ ಕಣಪ್ಪ ಅನ್ನೋರಿಗೆ ಇಳಿಜಾರು ಜಾಸ್ತಿ ಇರೋ ಗ್ರಾಮೀಣ ಪ್ಯಾನ್ ಹಾಕ್ಸೋಕೆ ಹೇಳಿ, ಸುಮಾರು ಎರಡು ಲೀಟರ್‌ನಲ್ಲಿ ಹೋಗುತ್ತೆ. ಗುಂಡಿ ಎರಡು ಇರ್ಲಿ, ಒಂದು ತುಂಬಿದ್ಮೇಲೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೇದನ್ನ ಎರಡು ವರ್ಷ ಮುಚ್ಚಿಟ್ರೆ ಒಳಗಿರೋದು ಒಣಗಿ ರಾಗಿ ಹೊಲಕ್ಕೆ ಹಾಕೋ ಗೊಬ್ಬರ ಆಗಿರುತ್ತೆ.