ಹನ್ನೆರಡು ತಾಲ್ಲೂಕಿನ ಹೆಸರಲ್ಲಿ ಕನ್ನಡ ಓದು: ದಸರೆಯೊಳಗೆ ಮಗು ಎಲ್ಲಿಗೆ ತಲುಪಿದೆ, ಮನೆಯಲ್ಲೇ ನೋಡುವುದು ಹೇಗೆ?

ಮೇ ಕೊನೆಗೆ ಶಾಲೆ ಶುರುವಾದರೆ ದಸರಾ ರಜೆಯ ಹೊತ್ತಿಗೆ ಮೊದಲ ಅವಧಿ ಮುಗಿಯುತ್ತದೆ. ಅಷ್ಟರಲ್ಲಿ ಒಂದರಿಂದ ಮೂರನೇ ತರಗತಿಯ ಮಗುವಿನ ನೋಟ್‌ಬುಕ್ಕುಗಳು ತುಂಬಿರುತ್ತವೆ. ದುಂಡಗಿನ ಅಕ್ಷರ, ಕೆಂಪು ಶಾಯಿಯ ಸರಿ ಗುರುತು ನೋಡಿ ಮನೆಯವರಿಗೆ ಸಮಾಧಾನ. ಆದರೆ ಬೋರ್ಡ್ ನೋಡಿ ಬರೆಯಲು ಓದು ಬರಬೇಕೆಂದೇನಿಲ್ಲ. ರಂಗೋಲಿಯ ಎಳೆ ನೋಡಿ ಎಳೆದ ಹಾಗೆ ಅಕ್ಷರವನ್ನೂ ಎಳೆಯಬಹುದು. ಮಗು ಕಲಿತಿದೆಯೋ ಇಲ್ಲವೋ ತಿಳಿಯಬೇಕಾದರೆ ನೋಟ್‌ಬುಕ್ಕು ಮುಚ್ಚಿಟ್ಟು, ಅದು ಬಾಯಿಪಾಠ ಮಾಡಿರದ ಒಂದನ್ನು ಮುಂದಿಡಬೇಕು.

ಬೇಕಾಗುವ ಸಾಮಾನು ಇಷ್ಟೇ: ಒಂದು ಸ್ಲೇಟು, ಬಳಪ, ಗೇಣುದ್ದಕ್ಕೆ ಮುರಿದ 100 ತೆಂಗಿನಗರಿ ಕಡ್ಡಿ, 10 ರಬ್ಬರ್ ಬ್ಯಾಂಡ್, ಒಂದು ಹಿಡಿ ಒಣ ಮೆಕ್ಕೆಜೋಳ, ಗೋಡೆಯ ಕ್ಯಾಲೆಂಡರು. ವಾರಕ್ಕೆ ಎರಡು ಸಲ, ಸಲಕ್ಕೆ 15 ನಿಮಿಷ ಸಾಕು. ಒಂದು ಮತ್ತು ಎರಡನೇ ತರಗತಿಗೆ ಹೋಮ್‌ವರ್ಕ್ ಕೊಡಬಾರದೆಂದು ಶಿಕ್ಷಣ ಇಲಾಖೆಯೇ 2019ರಲ್ಲಿ ಹೇಳಿದೆ. ಹಾಗಾಗಿ ಇದನ್ನು ಇನ್ನೊಂದು ಹೋಮ್‌ವರ್ಕ್ ಮಾಡಬೇಡಿ. ಮಗು ಆಕಳಿಸಿದರೆ ಆ ದಿನದ ಕೆಲಸ ಮುಗಿಯಿತು.

ಮೊದಲು ಶಾಲೆಯ ಕ್ರಮ ತಿಳಿದುಕೊಳ್ಳಿ

ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರರವರೆಗೆ ನಲಿ-ಕಲಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಮಕ್ಕಳು ತರಗತಿಯ ಲೆಕ್ಕದಲ್ಲಿ ಸಾಲಾಗಿ ಕೂರುವುದಿಲ್ಲ. ತಮ್ಮ ತಮ್ಮ ಮೈಲುಗಲ್ಲಿನ (ಕಲಿಕೆಯ ಹಂತದ) ಕಾರ್ಡು ಹಿಡಿದು ಗುಂಪುಗಳಲ್ಲಿ ಕೂರುತ್ತಾರೆ. ಪಕ್ಕದ ಮನೆಯ ಮಗು ಮುಂದಿನ ಮೈಲುಗಲ್ಲಿನಲ್ಲಿದ್ದರೆ ನಿಮ್ಮದು ದಡ್ಡ ಎಂದಲ್ಲ, ಇಬ್ಬರೂ ಒಂದೇ ಏಣಿಯ ಬೇರೆ ಬೇರೆ ಮೆಟ್ಟಿಲಲ್ಲಿದ್ದಾರೆ ಅಷ್ಟೆ.

ಅಕ್ಷರ ಕಲಿಸುವ ಸಾಲೂ ಬೇರೆ. ಅ, ಆ, ಇ, ಈ ಎಂದು ಹೊರಡದೆ ಮೊದಲು ರ, ಗ, ಸ, ದ, ಅ ಕಲಿಸುತ್ತಾರೆ. ಆಮೇಲೆ ಜ, ವ, ಮ, ಬ, ನ. ಮೊದಲ ಐದೇ ಅಕ್ಷರದಲ್ಲಿ ಅರಸ, ಅಗಸ, ಗರಗಸ, ಸರ, ದರ ಎಂದು ಓದಲು ಪದಗಳು ಸಿಗುತ್ತವೆ. ಅಕ್ಷರ ಶುರುವಾದ ತಿಂಗಳೊಳಗೇ ‘ನನಗೆ ಓದು ಬರುತ್ತದೆ’ ಎಂಬ ಧೈರ್ಯ ಮಗುವಿಗೆ ಬರಲಿ ಎಂಬುದೇ ಇದರ ಲೆಕ್ಕ. ಇದು ಗೊತ್ತಿಲ್ಲದೆ ಅಜ್ಜ ಅಜ್ಜಿ ‘ಇನ್ನೂ ಆ ಈ ಬರಲ್ವಾ’ ಎಂದು ಸಂಜೆಗೊಮ್ಮೆ ವರ್ಣಮಾಲೆ ಹಾಡಿಸುತ್ತಾರೆ. ಹಾಡು ಬರುತ್ತದೆ, ಅಕ್ಷರ ಬರುವುದಿಲ್ಲ. ‘ಟ’ದ ಮೇಲೆ ಬೆರಳಿಟ್ಟು ಕೇಳಿದರೆ ಮಗು ‘ಕ’ದಿಂದ ಹಾಡುತ್ತಾ ಬಂದು ಟ ಮುಟ್ಟುತ್ತದೆ. ಹಾಗಾದಾಗ ಹಾಡು ನಿಲ್ಲಿಸಿ, ಶಾಲೆಯ ಸಾಲಿನಲ್ಲೇ ಹೋಗಿ.

ಕನ್ನಡ: ಬಸ್ಸಿನ ಬೋರ್ಡು ಸಾಕು

ಚಿತ್ರದುರ್ಗ, ದಾವಣಗೆರೆ ಎಂಬ ನಮ್ಮ ಎರಡು ಜಿಲ್ಲೆಗಳ ಹನ್ನೆರಡು ತಾಲ್ಲೂಕುಗಳ, ಬಸ್ಸಿನ ಬೋರ್ಡಿನಲ್ಲಿ ಕಾಣುವ ಹೆಸರಲ್ಲಿ ಕನ್ನಡ ಓದಿನ ಹೆಚ್ಚುಕಡಿಮೆ ಎಲ್ಲ ಮೆಟ್ಟಿಲುಗಳೂ ಇವೆ. ಸ್ಲೇಟಿನ ಮೇಲೆ ದೊಡ್ಡದಾಗಿ, ಸಲಕ್ಕೆ ಒಂದೇ ಹೆಸರು ಬರೆಯಿರಿ.

ಮೊದಲ ಮೆಟ್ಟಿಲು ಒತ್ತಕ್ಷರವೇ ಇಲ್ಲದ ನಾಲ್ಕು ಹೆಸರು: ಹರಿಹರ, ಹಿರಿಯೂರು, ಜಗಳೂರು, ದಾವಣಗೆರೆ. ಹರಿಹರದಲ್ಲಿ ಇರುವುದು ಗುಡಿಸು ಒಂದೇ. ಹಿರಿಯೂರಿನಲ್ಲಿ ಕೊಂಬು ಮತ್ತು ಕೊಂಬಿನ ಇಳಿ ಎರಡೂ ಅಕ್ಕಪಕ್ಕ ಬರುತ್ತವೆ. ಎಡವುವುದು ಇಲ್ಲೇ. ‘ಯೂರು’ ಎಂಬುದನ್ನು ‘ಯುರು’ ಎಂದು ಗಿಡ್ಡ ಮಾಡಿದರೆ ಮಗುವಿಗೆ ಅಕ್ಷರ ಗೊತ್ತಿದೆ, ದೀರ್ಘ ಕಿವಿಗೆ ಬಿದ್ದಿಲ್ಲ ಎಂದರ್ಥ. ಚಪ್ಪಾಳೆಯಲ್ಲಿ ತೋರಿಸಿ: ಹ್ರಸ್ವಕ್ಕೆ ಒಂದು ತಟ್ಟು, ದೀರ್ಘಕ್ಕೆ ತಟ್ಟಿ ಕೈ ಅಗಲಿಸುವುದು. ಹತ್ತು ಸಲ ಬರೆಸುವುದಕ್ಕಿಂತ ಇದು ಬೇಗ ಹತ್ತುತ್ತದೆ.

ಎರಡನೇ ಮೆಟ್ಟಿಲು ಅದೇ ಅಕ್ಷರದ ಒತ್ತು: ಚಳ್ಳಕೆರೆ, ಚನ್ನಗಿರಿ, ಹೊನ್ನಾಳಿ. ಒತ್ತನ್ನು ನುಂಗಿ ‘ಚನಗಿರಿ’ ಎಂದು ಓದುವುದು, ಇಲ್ಲವೇ ಒತ್ತನ್ನೂ ಇಡೀ ಅಕ್ಷರವೆಂದು ಎಣಿಸಿ ‘ಚನನಗಿರಿ’ ಎನ್ನುವುದು ಇಲ್ಲಿಯ ತಪ್ಪು. ಎರಡನೆಯ ತಪ್ಪು ಒಳ್ಳೆಯ ತಪ್ಪು, ಮಗು ಒತ್ತನ್ನು ಕಂಡಿದೆ. ‘ಅಮ್ಮ’ ಎಂದು ನಿಧಾನಕ್ಕೆ ಹೇಳಿಸಿ, ತುಟಿ ಕೂಡಿದ್ದು ಎಷ್ಟು ಹೊತ್ತು ಎಂದು ಕೇಳಿ. ಒತ್ತು ಎಂದರೆ ಆ ತಡೆ ಎಂಬುದು ಬಾಯಿಗೇ ತಿಳಿಯುತ್ತದೆ.

ಮೂರನೆಯದು ಬೇರೆ ಅಕ್ಷರದ ಒತ್ತು: ನ್ಯಾಮತಿ, ಹೊಳಲ್ಕೆರೆ, ಮೊಳಕಾಲ್ಮೂರು. ಮೂರನೇ ತರಗತಿಯ ಎಷ್ಟೋ ಜಾಣ ಮಕ್ಕಳೂ ‘ಹೊಳಲೆಕರೆ’ ಎಂದು ಓದುತ್ತಾರೆ. ಅದು ಅಜಾಗರೂಕತೆಯಲ್ಲ. ‘ಲ್ಕೆ’ಯನ್ನು ಸರಿಯಾಗಿ ನೋಡಿ: ಏತ್ವ ಕೂತಿರುವುದು ‘ಲ’ದ ತಲೆಯ ಮೇಲೆ, ಆದರೆ ‘ಎ’ ಉಲಿಯಬೇಕಾದದ್ದು ಕೆಳಗಿನ ‘ಕ’ ಮುಗಿದ ಮೇಲೆ. ಕಣ್ಣು ಕಂಡ ಸಾಲು ಒಂದು, ಬಾಯಿ ನುಡಿಯಬೇಕಾದ ಸಾಲು ಇನ್ನೊಂದು. ಇದನ್ನು ಬಿಡಿಸಿ ಹೇಳದೆ ‘ಸರಿಯಾಗಿ ಓದು’ ಎಂದು ಗದರಿದರೆ ಮಗು ಊಹೆ ಮಾಡಲು ಕಲಿಯುತ್ತದೆ. ಹೇಳುವ ಬಗೆ ಹೀಗೆ: ಮೊದಲು ಮೇಲಿನ ಅಕ್ಷರ ಅರ್ಧ (ಲ್), ಆಮೇಲೆ ಕೆಳಗಿನ ಒತ್ತು (ಕ್), ಕೊನೆಗೆ ಸ್ವರ (ಎ). ಬೆರಳು ಮೇಲೆ, ಕೆಳಗೆ, ಮತ್ತೆ ಮೇಲೆ. ವಾರಕ್ಕೆ ಐದಾರು ಪದ ಸಾಕು.

ನಾಲ್ಕನೆಯದು ಹೊಸದುರ್ಗ, ಚಿತ್ರದುರ್ಗ. ಚಿತ್ರದುರ್ಗದಲ್ಲಿ ‘ರ’ ಎರಡು ಸಲ ಬರುತ್ತದೆ, ಎರಡು ವೇಷದಲ್ಲಿ. ‘ತ್ರ’ದಲ್ಲಿ ಕೆಳಗೆ ಒತ್ತಾಗಿ ಬಂದು ತ್ ಆದ ಮೇಲೆ ಉಲಿಯುತ್ತದೆ. ‘ರ್ಗ’ದಲ್ಲಿ ಅರ್ಕಾವೊತ್ತಾಗಿ ಗ ಆದ ಮೇಲೆ ಬರೆದಿರುತ್ತದೆ, ಆದರೆ ಗ-ಕ್ಕಿಂತ ಮೊದಲು ಉಲಿಯುತ್ತದೆ. ‘ದುಗರ’ ಎಂದು ಓದುವ ಮಗು ಕಂಡದ್ದನ್ನು ಕಂಡ ಹಾಗೇ ಓದಿದೆ. ಸೂರ್ಯ, ಪರ್ವತ, ಕಾರ್ಯ ಎಂಬ ಮೂರು ಪದ ಜೊತೆಗಿಟ್ಟು ಅರ್ಕಾವೊತ್ತನ್ನು ಬಣ್ಣದ ಬಳಪದಲ್ಲಿ ಬರೆಯಿರಿ, ‘ಹಿಂದೆ ನಿಂತವನು ಮೊದಲು ಮಾತಾಡುತ್ತಾನೆ’ ಎಂದು ಹೇಳಿಕೊಡಿ.

ಒಂದು ಎಚ್ಚರ. ತನ್ನೂರಿನ ಹೆಸರನ್ನು ಮಗು ಚಿತ್ರದಂತೆ ಗುರುತಿಟ್ಟಿರುತ್ತದೆ. ಅದಕ್ಕೇ ಹೆಸರು ಓದಿದ ಕೂಡಲೇ ಮೊದಲ ಅಕ್ಷರ ಮುಚ್ಚಿ ಉಳಿದದ್ದು ಓದಿಸಿ, ಅಥವಾ ಅದೇ ಅಕ್ಷರಗಳ ಬೇರೆ ಪದ ಕೊಡಿ. ಹೊನ್ನಾಳಿ ಓದಿದ ಮಗು ‘ಚಿನ್ನ’, ‘ಅನ್ನಾಹಾರ’ ಓದಿದರೆ ಮೆಟ್ಟಿಲು ದಾಟಿದೆ.

ಮೊದಲ ಅವಧಿ ಮುಗಿಯುವಾಗ ಒಂದನೇ ತರಗತಿಯ ಮಗು ಕಲಿತ ಅಕ್ಷರಗಳ ಸರಳ ಪದ ಓದಿದರೆ ಸಾಕು. ಮೊದಲ ಮೂರು ತಿಂಗಳು ಆಟ, ಹಾಡು, ಗೆರೆ ತಿದ್ದುವುದರ ಶಾಲಾ ಸಿದ್ಧತೆಗೇ ಹೋಗಿರುತ್ತದೆ, ಅದು ಹಾಳಾದ ಸಮಯವಲ್ಲ. ಎರಡನೆಯವರು ಕಾಗುಣಿತದಲ್ಲಿ ಓಡಾಡುತ್ತಾ ಅದೇ ಅಕ್ಷರದ ಒತ್ತಿಗೆ ಬಂದಿರಬೇಕು. ಮೂರನೆಯವರು ನಾಲ್ಕೈದು ಸಾಲು ಓದಿ ಅದರಲ್ಲಿ ಏನಾಯಿತೆಂದು ತಮ್ಮ ಮಾತಲ್ಲಿ ಹೇಳಬೇಕು. ಚಿಕ್ಕ ತರಗತಿಗಳ ಓದು, ಲೆಕ್ಕಕ್ಕೆಂದು ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಯೋಜನೆಯ ಗುರಿಯಲ್ಲಿ ಮೂರನೇ ತರಗತಿ ಮುಗಿಯುವಾಗ ನಿಮಿಷಕ್ಕೆ 60 ಪದ ಎಂದಿದೆ. ಕನ್ನಡದ ಪದಗಳು ಪ್ರತ್ಯಯ ಸೇರಿ ಉದ್ದವಾಗುತ್ತವೆ, ಆದ್ದರಿಂದ ಮನೆಯಲ್ಲಿ ಗಡಿಯಾರ ಹಿಡಿದು ಕೂರಬೇಡಿ. ಅರ್ಥವಾಗಿ ಓದಿದ 30 ಪದ, ಉಸಿರು ಬಿಡದೆ ಓದಿದ 60ಕ್ಕಿಂತ ಮೇಲು.

ನಮ್ಮ ಕಡೆಯ ಇನ್ನೊಂದು ತೊಡಕು ‘ಹ’. ‘ಹಾಲು’ ‘ಆಲು’ ಆಗುತ್ತದೆ, ಬರಹದಲ್ಲೂ ಹಾಗೇ ಇಳಿಯುತ್ತದೆ. ಮನೆಮಾತನ್ನು ಹೀಯಾಳಿಸಬೇಡಿ. ಅಂಗೈಯನ್ನು ಬಾಯಿ ಮುಂದೆ ಹಿಡಿಸಿ ಎರಡನ್ನೂ ಹೇಳಿಸಿ. ‘ಹ’ ಅಂದಾಗ ಬಿಸಿಯುಸಿರು ತಗಲುತ್ತದೆ, ‘ಅ’ಕ್ಕೆ ಇಲ್ಲ.

ಲೆಕ್ಕ: ಕಟ್ಟು ಬಿಚ್ಚುವುದೇ ಪಾಠ

ಎಣಿಸಲು ಮೆಕ್ಕೆಜೋಳ ಒಳ್ಳೆಯದು. ಶೇಂಗಾ ಬೇಡ, ಬೀಜ ಒಡೆದು ಎರಡಾಗಿ ಎಣಿಕೆ ತಪ್ಪುತ್ತದೆ. (ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದ್ದರೆ ಕಾಳು ಬೇಡವೇ ಬೇಡ, ಮೂಗಿಗೋ ಬಾಯಿಗೋ ಹೋಗುತ್ತದೆ. ಬಾಟಲಿ ಮುಚ್ಚಳವೂ ಬೇಡ, ಕಡ್ಡಿಯಲ್ಲೇ ಎಣಿಸಿ.) 17 ಕಾಳನ್ನು ಸಾಲಾಗಿಟ್ಟು ಎಣಿಸಲಿ. ಆಮೇಲೆ ಅವನ್ನೇ ಹರಡಿ ‘ಈಗ ಎಷ್ಟು?’ ಎಂದು ಕೇಳಿ. ಮತ್ತೆ ಒಂದರಿಂದ ಎಣಿಸಲು ಹೊರಟರೆ, ಜಾಗ ಬದಲಾದರೂ ಸಂಖ್ಯೆ ಬದಲಾಗದು ಎಂಬುದು ಇನ್ನೂ ಗಟ್ಟಿಯಾಗಿಲ್ಲ.

ಬಾಯೆಣಿಕೆಯಲ್ಲಿ ಎಡವುವ ಜಾಗಗಳು ಗೊತ್ತಿರುವಂಥವೇ: ಇಪ್ಪತ್ತೊಂಬತ್ತರ ನಂತರ ‘ಇಪ್ಪತ್ತ ಹತ್ತು’, ಒಂಬತ್ತು-ಎಂಬತ್ತು-ತೊಂಬತ್ತರ ಗಲಿಬಿಲಿ. 9, 80, 90 ಎಂದು ಮೂರು ಚೀಟಿ ಬರೆದು, ಹೇಳಿದ್ದನ್ನು ಎತ್ತಿಸಿ.

‘ಮೂವತ್ತೆರಡು’ ಬರೆ ಎಂದರೆ 302 ಬರೆಯುವುದು ಎರಡನೇ ತರಗತಿಯ ಹಳೆಯ ತಪ್ಪು. 30 ಕೇಳಿತು, ಬರೆಯಿತು. 2 ಕೇಳಿತು, ಬರೆಯಿತು. ತಿದ್ದುವುದು ಕಡ್ಡಿಯಿಂದ: ಹತ್ತರ ಮೂರು ಕಟ್ಟು, ಎರಡು ಬಿಡಿ. ಕಟ್ಟುಗಳ ಕೆಳಗೆ 3, ಬಿಡಿಯ ಕೆಳಗೆ 2. ಕಟ್ಟನ್ನು ಮಗುವೇ ಎಣಿಸಿ ರಬ್ಬರ್ ಬ್ಯಾಂಡ್ ಹಾಕಬೇಕು. ನೀವು ಕಟ್ಟಿ ಕೊಟ್ಟ ಕಟ್ಟು ಅದಕ್ಕೆ ಹತ್ತಲ್ಲ, ಒಂದು.

ಕಳೆಯುವ ಲೆಕ್ಕಕ್ಕೂ ಇದೇ. 42ರಲ್ಲಿ 17 ಕಳೆ ಎಂದರೆ 35 ಎಂದು ಬರೆಯುವ ಮಕ್ಕಳು 7ರಲ್ಲಿ 2, 4ರಲ್ಲಿ 1 ಕಳೆದಿರುತ್ತಾರೆ, ದೊಡ್ಡದರಲ್ಲಿ ಸಣ್ಣದು ಕಳೆಯಬೇಕೆಂದು ಕೇಳಿದ್ದರಿಂದ. ನಾಲ್ಕು ಕಟ್ಟು, ಎರಡು ಬಿಡಿ ಕೊಡಿ. ‘ನನಗೆ ಏಳು ಬಿಡಿ ಕೊಡು’ ಎನ್ನಿ. ಎರಡೇ ಇದೆ. ಮಗು ತಾನಾಗಿ ಒಂದು ಕಟ್ಟು ಬಿಚ್ಚುವವರೆಗೆ ಸುಮ್ಮನಿರಿ. ಬಿಚ್ಚಿದರೆ ಮೂರು ಕಟ್ಟು, 12 ಬಿಡಿ. ಏಳು ಹೋಗಿ 5, ಒಂದು ಕಟ್ಟು ಹೋಗಿ 2 ಕಟ್ಟು, 25. ‘ಪಕ್ಕದ ಮನೆಯಿಂದ ಸಾಲ ತಗೋ’ ಎಂದು ಹೇಳಿಕೊಡುವ ರೂಢಿಯಿದೆ. ಅದು ಬೇಡ. ಸಾಲವಾದರೆ ಯಾವಾಗ ತೀರಿಸುವುದೆಂದು ಮಕ್ಕಳು ಕೇಳುತ್ತಾರೆ, ಕೇಳುವುದು ಸರಿಯೇ ಇದೆ.

ದುಡ್ಡಿನ ಲೆಕ್ಕಕ್ಕೆ ಅಂಗಡಿ ಆಟ: 10 ರೂಪಾಯಿ ಮಂಡಕ್ಕಿ, 5 ರೂಪಾಯಿಯ ಮೆಣಸಿನಕಾಯಿ ಬಜ್ಜಿ ಒಂದು, 20ರ ನೋಟು ಕೊಟ್ಟರೆ ಚಿಲ್ಲರೆ ಎಷ್ಟು?

ಪರಿಸರ ಅಧ್ಯಯನ

ಕುಟುಂಬ, ಆಹಾರ, ನೀರು, ಗಿಡಮರ, ಪ್ರಾಣಿ ಎಂದು ಪಾಠಗಳಿರುತ್ತವೆ. ಇಲ್ಲಿ ಪ್ರಶ್ನೋತ್ತರ ಉರು ಹೊಡೆಸುವುದು ಶುದ್ಧ ನಷ್ಟ. ಕ್ಯಾಲೆಂಡರಿನ ಚೌಕದಲ್ಲಿ ದಿನಾ ಸಂಜೆ ಬಿಸಿಲು, ಮೋಡ, ಗಾಳಿ, ಮಳೆಯ ಗುರುತು ಹಾಕಿಸಿ. ಆಷಾಢದಲ್ಲಿ ಚಿತ್ರದುರ್ಗದ ಕಡೆ ಮೋಡ ಓಡುತ್ತದೆ, ಗಾಳಿ ಬೀಸುತ್ತದೆ, ಹನಿ ಬೀಳದ ದಿನಗಳು ಬಹಳ. ಮಕ್ಕಳು ಮೋಡ ಕಂಡ ಕೂಡಲೇ ಮಳೆ ಬರೆಯುತ್ತಾರೆ. ಅಂಗಳದಲ್ಲಿ ಒಂದು ಡಬ್ಬಿ ಇಡಿ. ಡಬ್ಬಿಯಲ್ಲಿ ನೀರಿದ್ದರೆ ಮಾತ್ರ ಮಳೆ. ತಿಂಗಳ ಕೊನೆಗೆ ಗುರುತುಗಳನ್ನು ಎಣಿಸಿದರೆ ಅದೇ ಲೆಕ್ಕದ ಪಾಠವೂ ಆಯಿತು.

ನೀರಿನ ಪಾಠಕ್ಕೆ ಚಿತ್ರದುರ್ಗದ ಕೋಟೆಯ ಹೊಂಡಗಳಿಗಿಂತ ಒಳ್ಳೆಯ ಪುಸ್ತಕವಿಲ್ಲ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ ತೋರಿಸಿ ‘ಇಲ್ಲಿ ತುಂಬಿದ ನೀರು ಆಮೇಲೆ ಎಲ್ಲಿಗೆ ಇಳಿಯುತ್ತದೆ?’ ಎಂದು ಕೇಳಿ. ದಾವಣಗೆರೆಯವರು ಕುಂದುವಾಡ ಕೆರೆಗೆ ಕರೆದೊಯ್ದು, ಭದ್ರಾ ನಾಲೆಯ ನೀರು ಅಲ್ಲಿ ನಿಂತು ಮನೆಯ ನಲ್ಲಿಗೆ ಬರುವ ದಾರಿಯನ್ನು ಮಗುವಿನಿಂದಲೇ ಬರೆಸಬಹುದು.

ಇಂಗ್ಲಿಷ್

ಮೊದಲ ಅವಧಿಯಲ್ಲಿ ಕೇಳುವುದು, ಮಾತಾಡುವುದೇ ಹೆಚ್ಚು. ‘ಬಾಗಿಲು ಹಾಕು’, ‘ಕೆಂಪು ಡಬ್ಬಿ ತಾ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಮಗು ಮಾಡಿ ತೋರಿಸಬೇಕು. ಸ್ಪೆಲ್ಲಿಂಗ್ ಹಾಡಿ ಒಪ್ಪಿಸುವ ಮಗುವಿಗೆ ಅಕ್ಷರದ ಹೆಸರು ಗೊತ್ತಿರುತ್ತದೆ, ಅದರ ಧ್ವನಿ ಗೊತ್ತಿರುವುದಿಲ್ಲ. ಸಣ್ಣ ಬಿ, ಸಣ್ಣ ಡಿ ಅದಲುಬದಲಾದರೆ ಏಳು ವರ್ಷದವರೆಗೆ ಗಾಬರಿ ಬೇಡ, ಒಂದು ವಾರ ಒಂದನ್ನೇ ತಿದ್ದಿಸಿ.

ಶಾಲೆಗೆ ಹೋದಾಗ

‘ನಮ್ಮ ಹುಡುಗ ಹೇಗಿದ್ದಾನೆ ಮೇಡಂ?’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂಬ ಉತ್ತರ ಸಿಗುತ್ತದೆ. ‘ಯಾವ ಮೈಲುಗಲ್ಲಿನಲ್ಲಿದ್ದಾನೆ, ಎಷ್ಟು ದಿನದಿಂದ?’ ಎಂದು ಕೇಳಿ, ಮಗು ಎಲ್ಲಿಗೆ ಬಂದಿದೆ ಎಂದು ಗುರುತಿಸುವ ಪಟ್ಟಿ, ಅಂದರೆ ಪ್ರಗತಿ ನೋಟ ನೋಡಿ. ಮನೆಯಲ್ಲಿ ಕಂಡ ತಪ್ಪನ್ನು ಇದ್ದ ಹಾಗೇ ಚೀಟಿಯಲ್ಲಿ ಬರೆದುಕೊಂಡು ಹೋಗಿ: ‘ಹೊಳಲ್ಕೆರೆಯನ್ನು ಹೊಳಲೆಕರೆ ಅಂತಾನೆ, ಮೂವತ್ತೆರಡಕ್ಕೆ 302 ಬರೀತಾನೆ.’ ಇಷ್ಟು ಹೇಳಿದರೆ ಮೇಡಂಗೆ ಯಾವ ಕಾರ್ಡು ಮತ್ತೆ ಕೊಡಬೇಕೆಂದು ಅಲ್ಲೇ ತಿಳಿಯುತ್ತದೆ.